ಆ ಕಡೆಯವರನ್ನು ನೋಡಿ ಕಲೀರಿ

ಸೋಮವಾರದಿಂದ ಬುಧವಾರದ ತನಕ ಬಸವಕಲ್ಯಾಣ, ಗುರುವಾರದಿಂದ ಶನಿವಾರದ ತನಕ ಹುಮನಾಬಾದ. ಒಂದೇ ವಿಶ್ವವಿದ್ಯಾಲಯದ ಎರಡು ಕ್ಯಾಂಪಸ್ಸು, ಎರಡಕ್ಕೂ ಸೇರಿ ಸಸ್ಯಶಾಸ್ತ್ರಕ್ಕೆ ನಾನೊಬ್ಬಳೇ ಮೇಡಂ. ಅತಿಥಿ ಉಪನ್ಯಾಸಕಿ ಅಂತ ನನ್ನ ಹುದ್ದೆಯ ಹೆಸರು. ಅತಿಥಿಗೆ ಮಾಡುವ ಉಪಚಾರ ಏನೂ ಇರಲಿಲ್ಲ, ಕೂಡುವ ಕುರ್ಚಿಯನ್ನೂ ಪಕ್ಕದ ಖೋಲಿಯಿಂದ ನಾನೇ ಎಳೆದು ತರಬೇಕಿತ್ತು. ಆದರೂ ನನ್ನ ನೌಕರಿಯಲ್ಲಿ ಅಷ್ಟು ಖುಷಿಯ ವರ್ಷಗಳು ಬೇರೆ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಸಿಟ್ಟಿಗೆದ್ದದ್ದೇ ಜಾಸ್ತಿ ಬರುತ್ತದೆ.

ನಾನು ಬಾಡಿಗೆಗಿದ್ದದ್ದು ಮಾಣಿಕನಗರದಲ್ಲಿ. ಹುಮನಾಬಾದಿನ ದಿನ ಆಟೋ ಹತ್ತಿದರೆ ಮುಗಿಯಿತು. ಕಲ್ಯಾಣದ ದಿನ ಮಾತ್ರ ಸೋಲಾಪುರದ ಕಡೆ ಹೋಗುವ ಬಸ್ಸು ಹಿಡಿದು, ಸಸ್ತಾಪುರ ಬಂಗ್ಲಾದಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಗಾಡಿ ಹತ್ತಿ ಊರೊಳಗೆ ಹೋಗಬೇಕು. ಕಿಟಕಿಯ ಸೀಟು ಸಿಕ್ಕರೆ ಪಾಠದ ತಯಾರಿ, ಸಿಗದಿದ್ದರೆ ಕಂಡಕ್ಟರನ ಜೊತೆ ಜಗಳ. ಎರಡೂ ಇಲ್ಲದ ದಿನ ಈ ಎರಡು ಕ್ಲಾಸುಗಳನ್ನು ಅಕ್ಕಪಕ್ಕ ಇಟ್ಟು ತೂಗಿ ನೋಡುವುದೇ ನನ್ನ ಕೆಲಸವಾಗಿತ್ತು.

ಕಲ್ಯಾಣದ ಮಕ್ಕಳು ನಾನು ಬ್ಯಾಗು ಕೆಳಗಿಡುವ ಮೊದಲೇ ಪ್ರಶ್ನೆ ಕೇಳುತ್ತಿದ್ದರು. ಯಾಕ, ಹ್ಯಾಂಗ, ಹಂಗಾದ್ರ ಇದ್ಯಾಕ ಹಿಂಗ. ಹನ್ನೆರಡನೇ ಶತಮಾನದಿಂದ ವಾದ ಮಾಡಿಕೊಂಡು ಬಂದ ಊರು, ನೀರಿನಲ್ಲೇ ಏನೋ ಇದ್ದೀತು ಅಂತ ನಾನು ಅಂದುಕೊಳ್ಳುತ್ತಿದ್ದೆ. ಅವರಲ್ಲೆಲ್ಲ ಮುಂದಿನವಳು ಒಬ್ಬ ಹುಡುಗಿ. ಕೋಟೆಯ ಕಡೆಯ ಹಳೇ ಓಣಿಯವಳು, ಅವಳ ಅಬ್ಬಾ ಗಾದಿ, ರಜಾಯಿ ಹೊಲಿಯುವವರು. ಸಂಜೆ ಹೊತ್ತು ರಜಾಯಿಗಳ ಅಂಚು ಹೊಲಿಯುವುದು ಇವಳ ಪಾಲಿನ ಕೆಲಸ. ಬುರ್ಖಾದ ಮುಸುಕು ಹಿಂದೆ ಸರಿಸಿ ಮೊದಲ ಬೆಂಚಿನಲ್ಲಿ ಕೂತಳೆಂದರೆ ನನ್ನ ಸಿಲೆಬಸ್ಸು ಅಲ್ಲೇ ಮುರಿದುಕೊಂಡು ಬೀಳುತ್ತಿತ್ತು.

ಒಂದು ದಿನ ಬೇವಿನ ಎಲೆಯ ಪಾಠ. ಕಡ್ಡಿಯ ಎರಡೂ ಕಡೆ ಎಲೆಗಳು, ತುದಿಗೆ ಒಂಟಿ ಎಲೆ, ಅಂತ ನಾನು ಬೋರ್ಡಿನ ಮೇಲೆ ಚಂದಾಗಿ ಬರೆದೆ. ಬರೆದು ಬರೆದು ಕೈಗೆ ರೂಢಿಯಾದ ಚಿತ್ರ ಅದು. ಮರುದಿನ ಈಕೆ ಒಂದು ಹೊರೆ ಬೇವಿನ ಟೊಂಗೆ ತಂದು ನನ್ನ ಟೇಬಲ್ಲಿನ ಮೇಲೆ ಹಾಕಿದಳು.

"ಮೇಡಂ, ನೀವು ತುದಿಗಿ ಒಂದು ಎಲಿ ಇರ್ತದ ಅಂದ್ರಿ. ನಮ್ಮ ಮನಿ ಮುಂದಿನ ಗಿಡದಾಗ ಭಾಳಷ್ಟು ಕಡ್ಡಿಗಿ ಅದು ಇಲ್ಲೇ ಇಲ್ರಿ. ಬುಕ್ಕು ಖರೇನೋ, ಗಿಡ ಖರೇನೋ?"

ನನಗೆ ಉರಿಯಿತು. ಗಾಳಿಗೆ ಉದುರಿರಬೇಕು, ಕೂಡು ಅಂದೆ. ಕೂತಳು, ಆದರೆ ಕೂತೇ ಕೇಳಿದಳು, "ಎಲ್ಲಾ ಕಡ್ಡಿದೂ ತುದಿದೇ ಉದುರ್ತದೇನ್ರಿ?" ಅವತ್ತು ಸಂಜೆ ಮಾಣಿಕನಗರದಲ್ಲಿ ನಮ್ಮ ಮನೆಯ ಹಿಂದಿನ ಬೇವಿನ ಗಿಡದ ಕೆಳಗೆ ನಾನು ಟೊಂಗೆ ಬಗ್ಗಿಸಿ ಬಗ್ಗಿಸಿ ನೋಡಿದೆ. ಓನರ್ ಅಜ್ಜಿ ನನಗೆ ಯಾವುದೋ ಚರ್ಮದ ರೋಗ ಬಂದಿದೆ, ಬೇವು ಹುಡುಕುತ್ತಿದ್ದೇನೆ ಅಂದುಕೊಂಡರು. ಹುಡುಗಿ ಹೇಳಿದ್ದು ನಿಜ. ತುದಿಯ ಎಲೆ ಇದ್ದದ್ದು ಕೆಲವಕ್ಕೆ, ಇಲ್ಲದ್ದೇ ಹೆಚ್ಚು. ಇಷ್ಟು ವರ್ಷ ಪಾಠ ಮಾಡಿ ನಾನು ಒಂದು ಸಲವೂ ಗಿಡದ ಕಡೆ ತಿರುಗಿ ನೋಡಿರಲಿಲ್ಲ. ನನಗೆ ನಾಚಿಕೆಯೂ ಆಯಿತು, ಒಳಗೊಳಗೇ ಹಿಗ್ಗೂ ಆಯಿತು.

ಮರುದಿನ ಅವಳನ್ನು ಹೊಗಳಿದೆನೋ? ಇಲ್ಲ. "ರೆಕಾರ್ಡ್ ಬುಕ್ಕು ಎಲ್ಲಿ? ಬರೇ ಬಾಯಿ ಅದ ನಿಮಗ" ಅಂತ ಇಡೀ ಕ್ಲಾಸಿಗೆ ಬೈದೆ. ಬೈಯುವುದಕ್ಕೆ ಕಾರಣ ಇಲ್ಲದೆ ಇರಲಿಲ್ಲ. ಗಿಡ ಒಣಗಿಸಿ ಹಾಳೆಗೆ ಅಂಟಿಸಿ ಇಡುವುದು ನಮ್ಮ ವಿಷಯದ ದೊಡ್ಡ ಕೆಲಸ. ಕಿತ್ತು ತಂದ ಗಿಡವನ್ನು ಹಳೇ ಪೇಪರಿನ ನಡುವೆ ಹರಡಿ, ಮೇಲೆ ಭಾರ ಹೇರಿ, ದಿನಕ್ಕೆ ಎರಡು ಸಲ ಪೇಪರು ಬದಲಿಸಬೇಕು. ಮರೆತರೆ ಎಲೆ ಕಪ್ಪಾಗಿ, ಬೂಜು ಹಿಡಿದು, ನಾತ ಹೊಡೆಯುತ್ತದೆ. ಕಲ್ಯಾಣದವರು ಎಲೆ ಯಾಕೆ ಕಪ್ಪಾಗುತ್ತದೆ ಅಂತ ಒಂದು ತಾಸು ವಾದ ಮಾಡುತ್ತಿದ್ದರು, ಆ ತಾಸಿನಲ್ಲಿ ಎಲೆ ಇನ್ನಷ್ಟು ಕಪ್ಪಾಗುತ್ತಿತ್ತು.

ಗುರುವಾರ ಹುಮನಾಬಾದಿಗೆ ಬಂದರೆ ಬೇರೆ ಲೋಕ. ಗಪ್‌ಚಿಪ್. ನಾನು "ತಿಳೀತೇನು?" ಅಂದರೆ "ಹೌದ್ರಿ" ಅನ್ನುತ್ತಿದ್ದರು. ಅನುಮಾನ ಬಂದು "ತಿಳೀಲಿಲ್ಲೇನು?" ಅಂದರೆ ಅದಕ್ಕೂ "ಹೌದ್ರಿ". ಪ್ರಶ್ನೆ ಕೇಳುವುದೆಂದರೆ ಮೇಡಂಗೆ ಎದುರು ಮಾತಾಡಿದ ಹಾಗೆ ಅಂತ ಅವರ ಲೆಕ್ಕ. ಆದರೆ ಅವರ ಕೈ! ದಂಟನ್ನು ಬ್ಲೇಡಿನಿಂದ ಕೊಯ್ದು ಗಾಜಿನ ಮೇಲೆ ಇಟ್ಟರೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಇರುತ್ತಿತ್ತು. ನಾನು ಕಲಿಸಿದ್ದಲ್ಲ ಅದು, ನನ್ನ ಕೈಯಲ್ಲೇ ಅಷ್ಟು ತೆಳ್ಳಗೆ ಬರುವುದಿಲ್ಲ. ಒಣಗಿಸಿದ ಗಿಡಗಳಂತೂ ಹಾಳೆಯ ಮೇಲೆ ಹಸಿರಾಗಿಯೇ ಇರುತ್ತಿದ್ದವು.

ಅವರಲ್ಲಿ ಹಳ್ಳಿಖೇಡದಿಂದ ಬರುವ ಒಬ್ಬಳಿದ್ದಳು. ಮನೆಯಲ್ಲಿ ಎಮ್ಮೆಗಳು, ಅವ್ವನ ಬಲಗೈ ಸೋತದ್ದರಿಂದ ಎರಡು ಹೊತ್ತೂ ಹಾಲು ಹಿಂಡುವುದು ಈಕೆಯೇ. ಬೆಳಿಗ್ಗೆ ಹಿಂಡಿ ಬಸ್ಸಿಗೆ ಓಡುವುದು, ಮಧ್ಯಾಹ್ನ ಮೂರಕ್ಕೆ ಕ್ಲಾಸು ಬಿಟ್ಟು ಸಂಜೆ ಹಿಂಡುವ ಹೊತ್ತಿಗೆ ಮನೆ ಸೇರುವುದು. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಫ್ಯಾಕ್ಟರಿಗೆ ಹೋಗುವ ಟ್ರಾಕ್ಟರುಗಳು ದಾರಿ ತುಂಬ ಸಾಲುಗಟ್ಟಿ ನಿಂತು ಬಸ್ಸನ್ನು ಬಿಡುತ್ತಿರಲಿಲ್ಲ, ಈಕೆ ತಡವಾಗಿ ಬರುತ್ತಿದ್ದಳು. ನಾನು ಬಾಗಿಲಲ್ಲೇ ನಿಲ್ಲಿಸಿ ಬೈಯುತ್ತಿದ್ದೆ. ಆಕೆ "ಹೌದ್ರಿ" ಅಂದು ತಲೆ ತಗ್ಗಿಸಿ ಒಳಗೆ ಹೋಗಿ, ಚೀಲದಿಂದ ಒಂದೊಂದೇ ಕಳೆ ಗಿಡ ತೆಗೆದು ಟೇಬಲ್ಲಿನ ಮೇಲೆ ಜೋಡಿಸುತ್ತಿದ್ದಳು. ಬಸ್ಸು ನಿಂತ ಕಡೆ ಇಳಿದು ಕಬ್ಬಿನ ಹೊಲದ ಬದುವಿನಿಂದ ಬೇರು ಸಮೇತ ಕಿತ್ತು ತಂದದ್ದು. ಬೇರಿನ ಮಣ್ಣನ್ನು ದಾರಿಯಲ್ಲೇ ಬಾಟ್ಲಿ ನೀರಿನಿಂದ ತೊಳೆದಿರುತ್ತಿದ್ದಳು.

ಒಮ್ಮೆ ನಾನು ಕೇಳಿದೆ, "ಏನವ್ವಾ, ಉಳಿದವರದು ಒಂದಾದರೂ ಕೆಡತದ, ನಿಂದು ಒಂದು ಎಲಿನೂ ಕಪ್ಪಾಗಂಗಿಲ್ಲಲ್ಲ, ಹ್ಯಾಂಗ ಮಾಡ್ತಿ?"

"ಏನಿಲ್ರಿ ಮೇಡಂ. ಹಾಲು ಹಿಂಡಿದ ಮ್ಯಾಲ ಹ್ಯಾಂಗೂ ಕೈ ತೊಳಕೊಳ್ತೀನಲ್ರಿ, ಆವಾಗ ಪೇಪರ್ ಬದಲಿ ಮಾಡ್ತೀನಿ. ಎಮ್ಮಿ ಬಿಡಂಗಿಲ್ರಿ, ಹೊತ್ತಿಗಿ ಸರಿಯಾಗಿ ಒದರ್ತದ. ಹಂಗಾಗಿ ನನಗ ಮರೆಯಂಗಿಲ್ಲ."

ನನ್ನ ಎದೆ ತುಂಬಿ ಬಂತು. ಮಾತಾಡಿದ್ದು ಮಾತ್ರ, "ಸರಿ, ನಾಳೆ ಲಗೂನ ಬಾ."

ನಾನು ಯಾಕೆ ಹೀಗೆ ಅಂದರೆ, ನನ್ನನ್ನು ಬೆಳೆಸಿದ್ದೇ ಹೀಗೆ. ನಮ್ಮ ಕಡೆ ಮಕ್ಕಳನ್ನು ಎದುರಿಗೆ ಹೊಗಳುವುದಿಲ್ಲ, ಹೊಗಳಿದರೆ ದೃಷ್ಟಿ ತಾಗುತ್ತದೆ, ಮಗು ಅಲ್ಲಿಗೇ ನಿಂತುಬಿಡುತ್ತದೆ. ನಮ್ಮವ್ವ ನನ್ನ ಮುಂದೆ ಪಕ್ಕದ ಮನೆಯ ಹುಡುಗಿಯನ್ನು ಹೊಗಳುತ್ತಿದ್ದಳು. ಆಕೆಯ ರೊಟ್ಟಿ ನೋಡು, ಆಕೆಯ ಅಕ್ಷರ ನೋಡು. ಪಕ್ಕದ ಮನೆಯವರ ಮುಂದೆ ನನ್ನನ್ನು ಹೊಗಳುತ್ತಿದ್ದಳಂತೆ, ಅದು ನನಗೆ ಗೊತ್ತಾದದ್ದು ಅವ್ವ ತೀರಿಕೊಂಡ ಮೇಲೆ, ಆ ಪಕ್ಕದ ಮನೆಯವಳ ಬಾಯಿಂದ. ಅವಳು ನನ್ನನ್ನು ಕಂಡರೆ ಹಲ್ಲು ಕಡಿಯುತ್ತಿದ್ದಳಂತೆ. ನಾನೂ ಅಷ್ಟೇ, ಅವಳ ರೊಟ್ಟಿ ಸುಡಲಿ ಅಂತ ಬೇಡಿಕೊಂಡವಳು.

ಇಷ್ಟು ಗೊತ್ತಿದ್ದೂ ನಾನು ಮಾಡಿದ್ದು ಅದನ್ನೇ. ಕಲ್ಯಾಣದಲ್ಲಿ ಹುಮನಾಬಾದಿನ ಗುಣಗಾನ, ಹುಮನಾಬಾದಿನಲ್ಲಿ ಕಲ್ಯಾಣದ ಗುಣಗಾನ. "ಆ ಕಡಿಯವರನ್ನ ನೋಡಿ ಕಲೀರಿ" ಅಂದರೆ ಎರಡೂ ಕಡೆ ಎಲ್ಲರೂ ಸುಮ್ಮನೆ ಪೆನ್ನು ತೆಗೆಯುತ್ತಿದ್ದರು. ಹುಮನಾಬಾದಿನವರಿಗೆ ಬೇವಿನ ಎಲೆಯ ಕತೆಯನ್ನು ಎಷ್ಟು ಸಲ ಹೇಳಿದೆನೋ. ಕಲ್ಯಾಣದವರಿಗೆ ಎಮ್ಮೆಯ ಕತೆ, ಕೈ ತೊಳೆಯುವ ಕತೆ, ಮೂರು ಗಂಟೆಯ ಬಸ್ಸಿನ ಕತೆ. ಹೇಳುವಾಗ ಸ್ವಲ್ಪ ಉಪ್ಪು ಖಾರ ಹಚ್ಚುತ್ತಿದ್ದೆ ಅಂತಲೂ ಒಪ್ಪಿಕೊಳ್ಳುತ್ತೇನೆ. ಎರಡೂ ಗುಂಪುಗಳು ಒಬ್ಬರನ್ನೊಬ್ಬರು ನೋಡಿಯೇ ಇರಲಿಲ್ಲ. ನನ್ನ ಬಾಯಿಂದ ಕೇಳಿ ಕೇಳಿ, ಆ ಕಡೆ ಇರುವವರು ಸಾಮಾನ್ಯ ಮನುಷ್ಯರಲ್ಲ ಅಂತ ಇಬ್ಬರೂ ನಂಬಿಬಿಟ್ಟಿದ್ದರು.

ಎರಡನೇ ವರ್ಷದ ಮಧ್ಯದಲ್ಲಿ ಒಂದು ಸುತ್ತೋಲೆ ಬಂತು. ಅಂತಿಮ ವರ್ಷಕ್ಕೆ ಬೇಕಾದ ಮೈಕ್ರೋಸ್ಕೋಪು, ಉಪಕರಣ ಎರಡೂ ಕಡೆ ಕೊಡಲಾಗದು, ಆದ್ದರಿಂದ ಅಂತಿಮ ವರ್ಷದ ಸಸ್ಯಶಾಸ್ತ್ರ ಒಂದೇ ಕ್ಯಾಂಪಸ್ಸಿನಲ್ಲಿ ನಡೆಯುತ್ತದೆ. ಯಾವುದು ಅಂತ ತೀರ್ಮಾನಿಸಲು ಇಬ್ಬರು ಹಿರಿಯ ಪ್ರಾಧ್ಯಾಪಕರು ಬಂದು ವಿದ್ಯಾರ್ಥಿಗಳನ್ನು ನೋಡಿ ಹೋಗುತ್ತಾರೆ. ಎರಡೂ ಕಡೆಯ ವಿದ್ಯಾರ್ಥಿಗಳನ್ನು ಹೋಲಿಸಿ ನಾನು ಒಂದು ಪುಟದ ವರದಿಯನ್ನೂ ಬರೆದು ಕೊಡಬೇಕು. ಹೋಲಿಸುವುದರಲ್ಲಿ ನನ್ನ ಪಳಗಿದ ಕೈ ಯಾರಿಗೆ ಗೊತ್ತಾಗಿತ್ತೋ.

ಹುಮನಾಬಾದಿನಲ್ಲಿ ಇದನ್ನು ಓದಿ ಹೇಳಿದ ದಿನ ಕ್ಲಾಸು ಬಿಟ್ಟ ಮೇಲೆ ಹಳ್ಳಿಖೇಡದವಳು ನನ್ನ ಹಿಂದೆಯೇ ಕಾರಿಡಾರಿನವರೆಗೆ ಬಂದಳು. ಎರಡು ವರ್ಷದಲ್ಲಿ ತಾನಾಗಿ ಮಾತಾಡಿಸಿದ್ದು ಅದೇ ಮೊದಲು.

"ಮೇಡಂ, ಕಲ್ಯಾಣಕ್ಕ ಹೋಯ್ತಂದ್ರ ನನಗ ಆಗಂಗಿಲ್ರಿ. ಎರಡು ಬಸ್ಸು ಆಗ್ತಾವ. ಮುಂಜಾನಿ ಹಿಂಡಾಕೂ ಆಗಂಗಿಲ್ಲ, ಸಂಜಿಗಿ ಹಿಂಡಾಕೂ ಆಗಂಗಿಲ್ಲ. ಅವ್ವನ ಕೈಲೆ ಆಗಂಗಿಲ್ರಿ. ನಾ ಇಲ್ಲಿಗೇ ಬಿಡ್ತೀನಿ."

ದೂರುವ ದನಿಯಲ್ಲಿ ಹೇಳಿದ್ದಲ್ಲ. ನಾಳೆ ಬರುವುದಿಲ್ಲ ಅಂತ ರಜೆ ಕೇಳುವ ಹಾಗೆ ಹೇಳಿದಳು. ನನಗೆ ಅವಳ ಮೇಲೆಯೇ ಸಿಟ್ಟು ಬಂತು. "ಬಿಡ್ತಾಳಂತ! ಬಿಡೋದಂದ್ರ ಏನು, ಚಪ್ಪಲಿ ಬಿಟ್ಟಂಗೇನು? ಅವರು ಬರ್ತಾರ, ಕೇಳ್ತಾರ. ಎಲ್ಲರೂ ಬಾಯಿ ಬಿಟ್ಟು ಮಾತಾಡ್ರಿ. ನಿಮ್ಮ ಹಾಳಿ ತೋರಸ್ರಿ. ನಾವು ಏನೂ ಕಡಿಮಿ ಇಲ್ಲ ಅಂತ ಹೇಳ್ರಿ. ತಿಳೀತೇನು?"

"ಹೌದ್ರಿ" ಅಂದಳು.

ಸಮಿತಿಯವರು ಶನಿವಾರ ಹುಮನಾಬಾದಿಗೆ ಬಂದರು. ಒಬ್ಬರು ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯರು, ಇನ್ನೊಬ್ಬರು ಅವರು ಹೇಳಿದ್ದನ್ನು ಬರೆದುಕೊಳ್ಳುವವರು. ಹುಡುಗರು ಲ್ಯಾಬನ್ನು ಗುಡಿಸಿ ಒರೆಸಿ ಇಟ್ಟಿದ್ದರು. ಹಿರಿಯರು ಹಳ್ಳಿಖೇಡದವಳ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು. ನಾನು ಮನಸ್ಸಿನಲ್ಲೇ ಗೆದ್ದೆವು ಅಂದುಕೊಂಡೆ. ಆಮೇಲೆ ಅವರು ಸಹಜವಾಗಿ ಕೇಳಿದರು, "ನೋಡ್ರಿ, ನೀವೂ ಕಲೀತೀರಿ, ಕಲ್ಯಾಣದವರೂ ಕಲೀತಾರ. ಯಾರು ಮುಂದಿದ್ದೀರಿ ಅಂತ ನಿಮಗ ಅನಸ್ತದ?"

ನಾನು ಹಳ್ಳಿಖೇಡದವಳ ಕಡೆ ಕಣ್ಣು ಬಿಟ್ಟೆ. ಮಾತಾಡು ಅಂದದ್ದು ಅವಳಿಗೆ ನೆನಪಾಯಿತು, ಎದ್ದು ನಿಂತಳು.

"ಕಲ್ಯಾಣದವರ್ರಿ ಸರ್."

ಬರೆದುಕೊಳ್ಳುವವರ ಪೆನ್ನು ನಿಂತಿತು. "ಯಾಕ?" ಅಂದರು ಹಿರಿಯರು.

"ಅವರು ಪ್ರಶ್ನಿ ಕೇಳ್ತಾರ್ರಿ ಸರ್. ಬೇವಿನ ಎಲಿ ಬುಕ್ಕಿನಾಗ ತಪ್ಪದ ಅಂತ ಅವರೇ ಕಂಡುಹಿಡಿದಾರ. ನಮಗ ಅದು ತಿಳೀಲೇ ಇಲ್ರಿ, ಮನಿ ಮುಂದ ಗಿಡ ಇದ್ದೂ. ನಮ್ಮ ಮೇಡಂ ದಿನಾ ಹೇಳ್ತಾರ್ರಿ, ಅವರನ್ನ ನೋಡಿ ಕಲೀರಿ ಅಂತ."

ಹಿಂದಿನ ಬೆಂಚಿನವರೆಲ್ಲ ಒಟ್ಟಿಗೆ "ಹೌದ್ರಿ" ಅಂದರು. ನೆಲ ಬಾಯಿ ಬಿಟ್ಟರೆ ಒಳಗೆ ಹೋಗುತ್ತಿದ್ದೆ. ಅವರು ಹೋದ ಮೇಲೆ ನಾನು ಅವಳನ್ನು ಹಿಡಿದು ಕೇಳಿದೆ, "ಹುಚ್ಚೀ, ನಿನ್ನ ಓದು ನೀನೇ ಕೈಯಾರೆ ಆ ಕಡಿ ಕೊಟ್ಟು ಬಂದಿಯಲ್ಲ, ಯಾಕ ಹಂಗ ಹೇಳಿದಿ?"

ಆಕೆ ಗಾಬರಿಯಾಗಿ ನನ್ನನ್ನು ನೋಡಿದಳು. "ಖರೇ ಕೇಳಿದ್ರಲ್ರಿ ಮೇಡಂ. ನೀವೇ ಹೇಳಿದ್ದಿರಿ."

ಭಾನುವಾರ ನಾನು ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ತೊಳೆದೆ, ಒಗೆದದ್ದನ್ನೂ ಮತ್ತೆ ಒಗೆದೆ. ವರದಿ ಬರೆಯಲು ಕೂತರೆ ಕೈ ಏಳಲಿಲ್ಲ. ಹುಮನಾಬಾದೇ ಮೇಲು ಅಂತ ಬರೆದರೆ, ಅಲ್ಲಿಯ ಮಕ್ಕಳೇ ನನ್ನ ಬಾಯಿಂದ ಕೇಳಿದ್ದೆಂದು ಉಲ್ಟಾ ಹೇಳಿದ್ದಾರೆ. ಕಲ್ಯಾಣ ಅಂತ ಬರೆದರೆ ಆ ಹುಡುಗಿ ಮನೆಯಲ್ಲಿ ಕೂಡುತ್ತಾಳೆ. ಇನ್ನು ಸೋಮವಾರ ಕಲ್ಯಾಣದವರು ಬಾಯಿ ತೆರೆದರೆ ಕೇಳಬೇಕೇ, ಸಮಿತಿಯವರನ್ನೇ ವಾದದಲ್ಲಿ ಸೋಲಿಸಿ ಕಳಿಸುತ್ತಾರೆ. ಅವರನ್ನು ಹಾಗೆ ಬೆಳೆಸಿದ್ದಕ್ಕೆ ಹೆಮ್ಮೆಪಟ್ಟವಳು ನಾನು, ಈಗ ಅದೇ ನನ್ನ ಮೇಲೆ ತಿರುಗಿ ಬಿದ್ದಿತ್ತು.

ಸೋಮವಾರ ಕಲ್ಯಾಣದಲ್ಲಿ ಸಮಿತಿಯವರು ಮೊದಲು ಹಾಳೆಗಳನ್ನು ನೋಡಿದರು. ಕಪ್ಪು ಎಲೆ, ಬೂಜು. ಹಿರಿಯರು ಮೂಗು ಮುಚ್ಚಿಕೊಂಡರು. ಅಷ್ಟರಲ್ಲಿ ಒಬ್ಬ ಹುಡುಗ ಎದ್ದು, ಬದನಿಕೆ ಮಾವಿನ ಗಿಡದ ನೀರು ಕುಡಿದು ಬದುಕುತ್ತದಲ್ಲ, ಮಾವು ಸತ್ತರೆ ತಾನೂ ಸಾಯುತ್ತೇನೆ ಅಂತ ಅದಕ್ಕೆ ತಿಳಿಯುವುದಿಲ್ಲವೇ ಅಂತ ಕೇಳಿದ. ಅದರ ಮೇಲೆ ಅರ್ಧ ತಾಸು ಹೋಯಿತು. ಹಿರಿಯರ ಮುಖ ಅರಳುತ್ತಿರುವುದನ್ನು ನೋಡಿ ನನಗೆ ಸಂಕಟ, ಈ ಮಕ್ಕಳು ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಅಂತ ಸಂತೋಷವೂ. ಕೊನೆಗೆ ಅದೇ ಪ್ರಶ್ನೆ ಬಂತು. ನೀವು ಮುಂದೋ, ಹುಮನಾಬಾದಿನವರೋ?

ರಜಾಯಿ ಹೊಲಿಯುವವರ ಮಗಳು ಎದ್ದಳು.

"ಹುಮನಾಬಾದದವರ್ರಿ ಸರ್. ಇದರಾಗ ಕೇಳೋದೇನದ? ನಮ್ಮ ಹಾಳಿ ನೋಡಿದ್ರಿ, ಅವರ ಹಾಳಿ ನೋಡಿದ್ರಿ."

ಹಿರಿಯರು ನನ್ನ ಕಡೆ ತಿರುಗಿದರು. ನಾನು ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಿದ್ದೆ. "ಇದನ್ನ ನಿಮಗ ಯಾರು ಹೇಳಿದ್ರವ್ವಾ?" ಅಂತ ಅವಳನ್ನು ಕೇಳಿದರು.

"ಮೇಡಂರಿ. ವಾರಾ ವಾರಾ ಹೇಳ್ತಾರ."

ಸಮಿತಿಯವರಿಬ್ಬರೂ ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ. ಹುಡುಗಿ ಮಾತ್ರ ಕೂಡಲಿಲ್ಲ, ನಗು ಮುಗಿಯುವ ತನಕ ನಿಂತೇ ಇದ್ದಳು. ಅವಳ ಮಾತು ಇನ್ನೂ ಉಳಿದಿತ್ತು.

"ಇನ್ನೊಂದು ಮಾತು ಸರ್. ಅಲ್ಲಿ ಒಬ್ಬಾಕಿ ಇದ್ದಾಳಂತ, ಎರಡು ಹೊತ್ತು ಎಮ್ಮಿ ಹಿಂಡಿ ಬರ್ತಾಳಂತ. ಆಕಿ ಹಾಳಿನೇ ಎಲ್ಲಾರಕಿಂತ ಚಂದ ಅಂತ ಮೇಡಂ ಹೇಳ್ತಾರ. ಮೂರು ಗಂಟಿ ಬಸ್ಸಿಗಿ ಹೋಗಬೇಕಾಗ್ತದ ಅಂತನೂ ಹೇಳ್ಯಾರ. ನಾ ವಿಚಾರ ಮಾಡೀನ್ರಿ. ಹಳ್ಳಿಖೇಡದಿಂದ ಇಲ್ಲಿಗಿ ಬಂದು ಆಕಿ ಸಂಜಿ ಹಿಂಡೋ ಹೊತ್ತಿಗಿ ಹ್ಯಾಂಗ ಮುಟ್ತಾಳ? ಮುಟ್ಟಂಗಿಲ್ಲ. ಅಂದ್ರ ಆಕಿ ಬರಂಗಿಲ್ಲ. ನೀವು ಇಲ್ಲಿ ಇಟ್ರಿ ಅಂದ್ರ ಎಲ್ಲಾರಕಿಂತ ಚಂದ ಮಾಡೋರನ್ನೇ ಬಿಟ್ಟಂಗ ಆಗ್ತದ. ಮತ್ತ ಇಲ್ಲಿ ಯಾಕ ಇಡಬೇಕ್ರಿ?"

ನಾನು ಈ ಬಸ್ಸಿನ ಸಂಕಟವನ್ನು ಅವಳಿಗೆ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಬೈಗುಳದ ನಡುವೆ ಉದುರಿದ ಚೂರುಪಾರುಗಳನ್ನು ಆಕೆಯೇ ಕೂಡಿಸಿ ಹೊಲಿದುಕೊಂಡಿದ್ದಳು.

"ಹಂಗಾದ್ರ ನೀವು ಅಲ್ಲಿಗೆ ಹೋಗಬೇಕಾಗ್ತದಲ್ಲ?" ಅಂದರು ಹಿರಿಯರು. ಈಗ ಅವರು ನಗುತ್ತಿರಲಿಲ್ಲ.

ಹಿಂದಿನಿಂದ ಒಬ್ಬ ಹುಡುಗ ಗೊಣಗಿದ, ದಿನಾ ಹೋಗಿ ಬರುವುದೆಂದರೆ ಹುಡುಗಾಟವಲ್ಲ ಅಂತ. ಆಕೆ ಅವನ ಕಡೆ ತಿರುಗಿ, "ನಿಂದು ಯಾವ ಎಮ್ಮಿ ಒದರಾಕತ್ತದ?" ಅಂದಳು. ಕ್ಲಾಸೆಲ್ಲ ನಕ್ಕಿತು. ಅವಳ ಪಕ್ಕದಲ್ಲಿದ್ದ ಹುಡುಗಿಯರು ಮಾತ್ರ ನಗದೆ ತಮ್ಮ ತಮ್ಮಲ್ಲೇ ಪಿಸುಗುಟ್ಟಿದರು. ನಿಜವಾದ ಕಷ್ಟ ಇದ್ದದ್ದು ಅವರಿಗೆ, ಮನೆಯಲ್ಲಿ ಒಪ್ಪಿಸಬೇಕಾದವರು ಅವರು. ಈಕೆ ಬಗ್ಗಿ ಅವರ ಜೊತೆ ಏನೋ ಮಾತಾಡಿ ಮತ್ತೆ ಎದ್ದು ನಿಂತಳು. "ನಾವು ಐದು ಮಂದಿ ಹುಡುಗ್ಯಾರು ಇದ್ದೀವ್ರಿ. ಐದೂ ಮಂದಿ ಕೂಡಿ ಒಂದೇ ಬಸ್ಸಿಗಿ ಬರ್ತೀವಿ. ಮನ್ಯಾಗ ನಾ ಮಾತಾಡ್ತೀನಿ."

ಹಿರಿಯರು ಹೊರಡುವಾಗ ನಾನು ಬರೆಯದೆ ಇದ್ದ ವರದಿಯ ಬಗ್ಗೆ ತಡವರಿಸಿದೆ. ಅವರು ಕೈ ಅಡ್ಡ ಮಾಡಿದರು. "ನೀವು ಬರೀಬ್ಯಾಡ್ರಿ ಮೇಡಂ. ಎರಡು ವರ್ಷ ಬಾಯಿಲೇ ಬರದೀರಿ, ಅಷ್ಟು ಸಾಕು." ಹೊಗಳಿದರೋ ಚುಚ್ಚಿದರೋ ಗೊತ್ತಾಗಲಿಲ್ಲ, ಎರಡೂ ನನಗೆ ಸಲ್ಲಬೇಕಾದದ್ದೇ. ಕೆಲವು ವಾರಗಳಲ್ಲಿ ಆದೇಶ ಬಂತು, ಅಂತಿಮ ವರ್ಷದ ಸಸ್ಯಶಾಸ್ತ್ರ ಹುಮನಾಬಾದಿನಲ್ಲಿ. ರಜಾಯಿ ಹೊಲಿಯುವವರ ಮಗಳಿಗೆ ಮನೆಯಲ್ಲಿ ಮಾತಾಡುವುದಕ್ಕೆ ನಾಲ್ಕು ದಿನ ಹಿಡಿಯಿತಂತೆ. ಉಳಿದ ನಾಲ್ಕು ಮನೆಗಳಿಗೂ ಅವಳೇ ಹೋದಳಂತೆ. ಒಬ್ಬಳ ಅಜ್ಜನ ಜೊತೆ ವಾದವನ್ನೇ ಮಾಡಿದಳಂತೆ, ಕೊನೆಗೆ ಆ ಅಜ್ಜನೇ ಮೊದಲ ದಿನ ಅವರನ್ನು ಬಸ್ಸಿಗೆ ಹತ್ತಿಸಿ ಹೋದರಂತೆ.

ಅವರು ಬಂದ ಆ ಮೊದಲ ದಿನ ಹುಮನಾಬಾದಿನ ಲ್ಯಾಬಿನಲ್ಲಿ ಇವರು ಈ ಗೋಡೆಗೆ, ಅವರು ಆ ಗೋಡೆಗೆ. ಎರಡು ವರ್ಷ ಯಾರ ಹೆಸರಿನಲ್ಲಿ ಬೈಸಿಕೊಂಡಿದ್ದರೋ ಅವರನ್ನು ಇಬ್ಬರೂ ಕಣ್ಣು ತುಂಬ ನೋಡುತ್ತಿದ್ದರು. ಹುಟ್ಟಿದಾಗಿನಿಂದ ಸುಮ್ಮನೆ ಕೂತು ಗೊತ್ತಿಲ್ಲದ ಕಲ್ಯಾಣದವರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. "ಯಾಕ, ಬಾಯಿ ಸಸ್ತಾಪುರ ಬಂಗ್ಲಾದಾಗ ಇಳಿಸಿ ಬಂದೀರೇನು?" ಅಂದೆ. ಯಾರೂ ನಗಲಿಲ್ಲ.

ಆಗ ಹಳ್ಳಿಖೇಡದವಳು ಬಂದಳು. ತಡವಾಗಿಯೇ. ಆ ವರ್ಷ ಕ್ಲಾಸು ಶುರುವಾಗುವಷ್ಟರಲ್ಲಿ ಕಬ್ಬಿನ ಹಂಗಾಮೇ ಬಂದಿತ್ತು, ಮತ್ತೆ ಅದೇ ಟ್ರಾಕ್ಟರು. ಬಾಗಿಲಲ್ಲಿ ನಿಂತು ಬೈಗುಳಕ್ಕೆ ಕಾಯ್ದಳು, ನಾನು ಬೈಯದೆ ಇದ್ದದ್ದಕ್ಕೆ ಇನ್ನಷ್ಟು ಗಾಬರಿಯಾಗಿ ಒಳಗೆ ಬಂದು, ಟೇಬಲ್ಲಿನ ಮೇಲೆ ತನ್ನ ಪೇಪರಿನ ಕಟ್ಟು ಬಿಚ್ಚಿದಳು. ರಜಾಯಿಯವರ ಮಗಳು ಆ ಗೋಡೆ ಬಿಟ್ಟು ಸೀದಾ ಬಂದಳು. ಒಂದು ಹಾಳೆ ಎತ್ತಿ ಬೆಳಕಿಗೆ ಹಿಡಿದಳು, ಉತ್ತರಾಣಿ ಗಿಡ, ಬೇರಿನಿಂದ ತೆನೆಯ ತನಕ, ಹೊಲದಲ್ಲಿ ನಿಂತ ಬಣ್ಣದಲ್ಲೇ ಇತ್ತು.

"ಹಾಲು ಹಿಂಡಿ ಕೈ ತೊಳಕೊಂಡು ಪೇಪರ್ ಬದಲಿ ಮಾಡೋರು ನೀವೇ ಅಲ್ಲೇನ್ರಿ?"

ಹಳ್ಳಿಖೇಡದವಳ ಕೈ ಪೇಪರಿನ ಮೇಲೆ ನಿಂತಿತು. "ನಿಮಗ ಹ್ಯಾಂಗ ಗೊತ್ತರಿ?"

"ಅಯ್ಯ, ನಮಗ ಗೊತ್ತಿಲ್ಲದ್ದು ಏನದ? ನಿಮ್ಮ ಎಮ್ಮಿ ಯಾವಾಗ ಒದರ್ತದ ಅಂತನೂ ಗೊತ್ತದ. ನಿಮ್ಮಂಥವರು ಯಾರೂ ಇಲ್ಲ ಅಂತ ಮೇಡಂ ಎರಡು ವರ್ಷ ಹೇಳ್ಯಾರ. ನಿಮ್ಮ ಸಲುವಾಗಿ ನಾವು ಎಷ್ಟು ಬೈಸಿಕೊಂಡೀವಿ, ನಿಮಗೇನು ಗೊತ್ತು!"

ಆಕೆ ನನ್ನ ಕಡೆ ತಿರುಗಿದಳು. "ಖರೇನ್ರಿ ಮೇಡಂ?"

ದೃಷ್ಟಿ ತಾಗುತ್ತದೆ ಅಂತ ಅವ್ವ ಒಳಗಿನಿಂದ ನನ್ನ ನಾಲಿಗೆ ಹಿಡಿದಳು. ಆದರೂ ಹೇಳಿದೆ, "ಖರೇ ಅದವ್ವಾ. ಇಷ್ಟು ವರ್ಷ ಕಲಿಸೀನಿ, ನಿನ್ನಷ್ಟು ಚಂದ ಮಾಡೋರನ್ನ ನಾ ನೋಡಿಲ್ಲ."

"ಹೌದ್ರಿ" ಅನ್ನುತ್ತಾಳೆ ಅಂದುಕೊಂಡೆ. ಅನ್ನಲಿಲ್ಲ. ಕಣ್ಣು ತುಂಬಿಕೊಂಡು ನನ್ನನ್ನೇ ನೋಡುತ್ತಾ, ತನ್ನ ಓದಿನ ಮೊದಲ 'ಯಾಕ' ಕೇಳಿದಳು.

"ಮತ್ತ ನನಗ್ಯಾಕ ಹೇಳಲಿಲ್ರಿ?"

ಎರಡೂ ಗೋಡೆಯವರು ಈಗ ಒಬ್ಬರನ್ನೊಬ್ಬರು ಬಿಟ್ಟು ನನ್ನನ್ನು ನೋಡುತ್ತಿದ್ದರು. ನಾನು ಒಂದು ಸ್ಟೂಲು ಎಳೆದು ಕೂತೆ, ಅವರನ್ನೂ ಹತ್ತಿರ ಕೂಡಿಸಿಕೊಂಡು ನಮ್ಮವ್ವನ ಕತೆ ಹೇಳಿದೆ, ಪಕ್ಕದ ಮನೆಯ ಹುಡುಗಿಯ ರೊಟ್ಟಿಯದ್ದೂ ಹೇಳಿದೆ. ಆಮೇಲೆ ಒಬ್ಬೊಬ್ಬರ ಮುಖ ನೋಡಿ, ಅವರವರಲ್ಲಿ ನಾನು ಮೆಚ್ಚಿದ್ದು ಏನು ಅಂತ ಅವರವರಿಗೇ ಹೇಳುತ್ತಾ ಹೋದೆ. ಬೇವಿನ ಎಲೆಯ ಸಲುವಾಗಿ ರಜಾಯಿಯವರ ಮಗಳಿಗೆ ಹೇಳುವಾಗ ಆಕೆ ಮುಸುಕು ಮುಂದೆ ಎಳೆದುಕೊಂಡಳು, ಅವಳಿಗೂ ನಾಚಿಕೆ ಬರುತ್ತದೆ ಅಂತ ನನಗೆ ಅವತ್ತೇ ಗೊತ್ತಾದದ್ದು. ಎಲ್ಲರಿಗೂ ಹೇಳಿ ಮುಗಿಯುವುದರೊಳಗೆ ಮೂರು ಗಂಟೆಯಾಯಿತು. ಹಳ್ಳಿಖೇಡದವಳು ಬಸ್ಸಿಗೆ ಎದ್ದಳು.